ಕಲಾಚಿಕಿತ್ಸೆ, ಬೌದ್ಧಿಕ ವಿಕಲತೆಯ ಮಕ್ಕಳಲ್ಲಿ

ಚಿತ್ರ, ಬಣ್ಣ, ಮಣ್ಣಿನ ಕೆಲಸಗಳ ಮೂಲಕ ಮಗುವಿನ ವರ್ತನಾ ಸಮಸ್ಯೆಗಳನ್ನು ತಗ್ಗಿಸಲು ನೆರವಾಗುವ ಪೂರಕ ಕ್ರಮ. ಬೌದ್ಧಿಕ ವಿಕಲತೆಯನ್ನು ಇದು ಗುಣಪಡಿಸುವುದಿಲ್ಲ. ಮಾತು ಸಾಲದ ಮಗು ನೋವು, ಬೇಸರ, ಬೇಡಿಕೆಗಳನ್ನು ಹೊಡೆದು, ಕಚ್ಚಿ, ರಚ್ಚೆ ಹಿಡಿದು ತಿಳಿಸುವುದುಂಟು; ಅದಕ್ಕೆ ಬೇರೊಂದು ದಾರಿ ತೋರುವುದು ಇದರ ಗುರಿ.

ಇತಿಹಾಸ
ಕ್ಷಯದಿಂದ ಚೇತರಿಸಿಕೊಂಡ ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್ 1942ರಲ್ಲಿ ‘ಕಲಾಚಿಕಿತ್ಸೆ’ ಎಂಬ ಹೆಸರನ್ನು ಬಳಕೆಗೆ ತಂದರೆಂಬುದು ಸಾಮಾನ್ಯ ಅಭಿಪ್ರಾಯ. ಅಮೆರಿಕದ ಮಾರ್ಗರೆಟ್ ನಾಂಬರ್ಗ್ ಚಿತ್ರದಲ್ಲಿ ಸುಪ್ತ ಮನಸ್ಸನ್ನು ಹುಡುಕಿದರೆ, ಎಡಿತ್ ಕ್ರೇಮರ್ ರಚಿಸುವ ಕ್ರಿಯೆಗೇ ಒತ್ತು ಕೊಟ್ಟರು. ಚಿತ್ರವನ್ನು ಮಾತಿನಲ್ಲಿ ವಿವರಿಸಲಾಗದ ಮಕ್ಕಳಿಗೆ ಎರಡನೆಯ ದಾರಿಯೇ ಹೆಚ್ಚು ಒಗ್ಗುತ್ತದೆ.

ವರ್ತನೆಯ ಮಾಪನ
ಕುಂಚ ಕೊಡುವ ಮೊದಲು ವರ್ತನೆಯನ್ನು ಅಳೆಯಬೇಕು. ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ರೂಪಿಸಿದ, ಸಿಕಂದರಾಬಾದಿನ ರಾಷ್ಟ್ರೀಯ ಮಾನಸಿಕ ವಿಕಲಚೇತನರ ಸಂಸ್ಥೆ 1992ರಲ್ಲಿ ಪ್ರಕಟಿಸಿದ ‘ಬೇಸಿಕ್-ಎಂಆರ್’ ಮಾಪಕ ಭಾರತದಲ್ಲಿ ಇದಕ್ಕೆ ಬಳಕೆಯಲ್ಲಿದೆ. ಅದರ ಮೊದಲ ಭಾಗದ 280 ಅಂಶಗಳು ಕೌಶಲಗಳಿಗೆ ಸಂಬಂಧಿಸಿದವು. ಎರಡನೆಯ ಭಾಗದ 75 ಅಂಶಗಳು ಹಿಂಸೆ, ರಚ್ಚೆ, ಸ್ವಯಂಹಾನಿ, ಪುನರಾವರ್ತಿತ ವರ್ತನೆ, ಅತಿಚಟುವಟಿಕೆ, ಭಯ ಮುಂತಾದ 10 ವರ್ಗಗಳಲ್ಲಿವೆ. ವರ್ತನೆ ಇಲ್ಲದಿದ್ದರೆ 0, ಅಪರೂಪಕ್ಕೆ ಕಂಡರೆ 1, ಪದೇಪದೇ ಕಂಡರೆ 2 ಅಂಕ. ಅಂಕದಷ್ಟೇ ಮುಖ್ಯವಾದದ್ದು ವರ್ತನೆಯ ಹಿಂದುಮುಂದು: ಅದಕ್ಕೆ ಮೊದಲು ಏನಾಯಿತು, ಆಮೇಲೆ ಮಗುವಿಗೆ ಏನು ದಕ್ಕಿತು? ಪಾಠ ತಪ್ಪಿಸಿಕೊಳ್ಳಲು ಪುಸ್ತಕ ಎಸೆಯುವ ಮಗುವನ್ನು ಕೂಡಲೇ ಬಣ್ಣದ ಮೇಜಿಗೆ ಕರೆದೊಯ್ದರೆ ಎಸೆತಕ್ಕೆ ಬಹುಮಾನ ಕೊಟ್ಟಂತೆ. ಆದ್ದರಿಂದ ಕಲೆಯ ಸಮಯ ದಿನಚರಿಯಲ್ಲಿ ಮೊದಲೇ ನಿಗದಿಯಾಗಿರಬೇಕು. ‘ಸಾಕು’, ‘ಬೇಕು’ ಎನ್ನಲು ಸನ್ನೆ ಅಥವಾ ಚಿತ್ರಪಟಗಳನ್ನೂ ಕಲಿಸಬೇಕು.

ಮಾಧ್ಯಮ
ಹರಿಯುವ ನೀರುಬಣ್ಣ ಕೆಲವು ಮಕ್ಕಳನ್ನು ಕೆರಳಿಸಬಹುದು. ಕ್ರೇಯಾನ್, ಜೇಡಿಮಣ್ಣುಗಳ ಮೇಲೆ ಹಿಡಿತ ಸುಲಭ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಕ್ಕಳಿಗೆ ವಿಷರಹಿತ ಸಾಮಗ್ರಿಯೇ ಆಗಬೇಕು, ಮೇಲ್ವಿಚಾರಣೆಯೂ ಬೇಕು. ನಾರಾಯಣಪುರ, ಸುರಪುರ, ಶಹಾಪುರಗಳನ್ನೊಳಗೊಂಡ ಉತ್ತರ ಕರ್ನಾಟಕದ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಿಂದ ಎತ್ತು ಮಾಡುವ ರೂಢಿಯಿದೆ. ನಾದುವುದು, ಉಂಡೆ ಕಟ್ಟುವುದು, ಕಾಲು ಕೋಡು ಕೂಡಿಸುವುದು ಎಂದು ಅದನ್ನು ಸಣ್ಣ ಹಂತಗಳಾಗಿ ಒಡೆದು ಕಲಿಸಬಹುದು. ಮನೆಮಂದಿಗೆ ಗೊತ್ತಿರುವ ಕೆಲಸವಾದ್ದರಿಂದ ಅಭ್ಯಾಸ ಮನೆಯಲ್ಲೂ ಮುಂದುವರಿಯುತ್ತದೆ.

ಮಿತಿಗಳು
ಲಭ್ಯ ಅಧ್ಯಯನಗಳಲ್ಲಿ ಬಹುಪಾಲು ಚಿಕ್ಕವು. ಸುಧಾರಣೆಯಲ್ಲಿ ಕಲೆಯ ಪಾಲೆಷ್ಟು, ವಯಸ್ಕರ ಗಮನದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತು ಗುರುತಿಸಿದ 16 ವೃತ್ತಿವರ್ಗಗಳಲ್ಲಿ ಕಲಾಚಿಕಿತ್ಸಕರ ಪ್ರತ್ಯೇಕ ವರ್ಗವಿಲ್ಲ. ವರ್ತನೆ ದಿಢೀರನೆ ಕೆಟ್ಟರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ, ಅಪಸ್ಮಾರಗಳಿಗಾಗಿ ಮೊದಲು ವೈದ್ಯರ ತಪಾಸಣೆ ಆಗಬೇಕು.