ತೊಟ್ಟಿಲಲ್ಲಿ ಇಟ್ಟ ಹೆಸರು: ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಹುಟ್ಟಿನ ನೆನಪು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಿರಿಯರನ್ನು ಹುಟ್ಟಿದ ತಾರೀಖು ಕೇಳಿದರೆ ಅನೇಕ ಸಲ ಸಿಗುವುದು ಶಾಲೆಯ ಮಾಸ್ತರರು ಬರೆದುಕೊಂಡ ಜೂನ್ 1. ಹೆಸರು ಯಾಕೆ ಬಂತೆಂದು ಕೇಳಿದರೆ ಮಾತ್ರ ಮನೆತನದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಈ ಭಾಗದಲ್ಲಿ ಹುಟ್ಟಿನ ಸಾಮಾಜಿಕ ನೆನಪನ್ನು ಕಾಪಿಟ್ಟಿರುವುದು ನಾಮಕರಣವೇ ಎಂಬುದು ಈ ಲೇಖನದ ವಾದ.

ಕೊಟ್ಟೂರಿನ ಸುತ್ತ ಊರ ದೇವರ ಹೆಸರು ಹೊತ್ತ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಇಲ್ಲದ ಓಣಿ ಅಪರೂಪ. ಹಡಗಲಿ ಕಡೆ ಮೈಲಾರಪ್ಪ, ಹರಪನಹಳ್ಳಿ ಕಡೆ ಉಚ್ಚೆಂಗೆಪ್ಪ, ತುಂಗಭದ್ರೆಯಾಚೆಯ ಹುಲಿಗಿಗೆ ಹರಕೆ ಹೊತ್ತ ಮನೆಗಳಲ್ಲಿ ಹುಲುಗಪ್ಪ, ಹುಲಿಗೆಮ್ಮ. ಆದರೆ ಇಲ್ಲಿನ ಹೆಸರುಗಳನ್ನೆಲ್ಲ ಬರೀ ಭಕ್ತಿಯ ಗುರುತೆಂದು ಓದಿದರೆ ಸಾಲದು. ಹೆತ್ತ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದದ್ದುಂಟು. ಮೇಲಿಂದ ಮೇಲೆ ಹೆಣ್ಣೇ ಹುಟ್ಟಿದಾಗ ಸಾಕಮ್ಮ ಎಂದದ್ದೂ ಉಂಟು. ತೀರಿಹೋದ ಕೂಸುಗಳ, ಬಸಿರಿನ ಮೇಲೆ ಬಸಿರು ಹೊತ್ತ ತಾಯಿಯ ದಾಖಲೆ ಇಂಥ ಹೆಸರಿನಲ್ಲೇ ಉಳಿದಿದೆ. ಬೇಡವಾದವಳೆಂಬ ಗುರುತು ಹೊತ್ತು ಬಾಳಿದ ಹೆಣ್ಣಿನ ನೋವೂ ಅಲ್ಲಿದೆ. ಸಂಪ್ರದಾಯವೆಂದು ಅಂಥ ಹೆಸರಿಡುವುದನ್ನು ಮೆಚ್ಚಲಾಗದು.

ಹೆಸರಿಡುವ ಹಕ್ಕು ಸೋದರತ್ತೆಯದು. ತೊಟ್ಟಿಲ ದಿನ ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವಾಗ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ. ಲಗ್ನವಾಗಿ ಹೋದ ಮಗಳು ತವರಿನ ವಂಶಾವಳಿಗೆ ಒಂದು ಹೆಸರು ಸೇರಿಸುವ ಗಳಿಗೆ ಅದು. ಸತ್ತ ಅಜ್ಜನ ಹೆಸರಿಟ್ಟರಂತೂ ಸೊಸೆಗೆ ಮಾವನ ಹೆಸರು ಹಿಡಿದು ಕೂಗಲಾಗದು. ತೊಟ್ಟಿಲ ಕೂಸೇ ‘ತಾತ’ ಎನಿಸಿಕೊಳ್ಳುತ್ತದೆ.

ಸೋದರತ್ತೆಯ ಹಿರಿಮೆ ನಮ್ಮಲ್ಲಷ್ಟೇ ಅಲ್ಲ. ಪೆಸಿಫಿಕ್ ಸಾಗರದ ಟೋಂಗಾದಲ್ಲೂ ತಂದೆಯ ಅಕ್ಕತಂಗಿಯರಿಗೆ, ಅಂದರೆ ಮೆಹೆಕಿತಾಂಗಾಗೆ, ಅಣ್ಣತಮ್ಮಂದಿರ ಮಕ್ಕಳಿಗಿಂತ ಮೇಲಿನ ಸ್ಥಾನ. ನಮ್ಮ ಅತ್ತೆಗೆ ಅಂಥ ಅಧಿಕಾರವಿಲ್ಲ. ಅವಳ ಹಕ್ಕು ತೊಟ್ಟಿಲಲ್ಲಿ ಎದ್ದು ಕಾಣುತ್ತದೆ, ಆಮೇಲೆ ತನ್ನ ಮಗನಿಗೆ ತವರಿನ ಹೆಣ್ಣು ಕೇಳುವಾಗ ಮತ್ತೆ ತಲೆಯೆತ್ತುತ್ತದೆ.

ಇಂಥ ಹೆಸರುಗಳನ್ನು ಎಲ್ಲಿ ಹುಡುಕಬೇಕು? ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಜಿಲ್ಲೆ ಇಷ್ಟು ಸಲ ಬದಲಾದ ಕಡೆ, ಹುಟ್ಟಿದ ತಾರೀಖಿಗಲ್ಲದಿದ್ದರೂ ಹೆಸರಿಗಾಗಿ, ಊರ ಶಾಲೆಯ ದಾಖಲಾತಿ ಪುಸ್ತಕಕ್ಕೆ ಬೆಲೆ ಹೆಚ್ಚು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಶೋಧನಾರ್ಥಿಗಳು ಅದರಲ್ಲಿನ ಹೆಸರುಗಳನ್ನು ಪಟ್ಟಿಮಾಡಿ, ಹೆಸರಿಟ್ಟ ಅತ್ತೆಯಂದಿರು ಇರುವಾಗಲೇ ಅವರ ಬಳಿ ಕೂತು ಕಾರಣ ಬರೆದುಕೊಳ್ಳಬೇಕು.