ಚ್‌ರೂಟ್ ಆವರಣದಲ್ಲಿ ಸಿಸ್ಟಮ್ ಲಾಗಿಂಗ್

ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳಲ್ಲಿ ಒಂದು ಡೈರೆಕ್ಟರಿಯ ಮಿತಿಯೊಳಗೆ ಇರಿಸಿದ ಪ್ರೋಗ್ರಾಂ ತನ್ನ ಸಂದೇಶಗಳನ್ನು ಹೊರಗಿನ ಲಾಗ್ ಸೇವೆಗೆ ತಲುಪಿಸುವ ವ್ಯವಸ್ಥೆ. ಡೈರೆಕ್ಟರಿಯನ್ನೇ ಪ್ರೋಗ್ರಾಂನ ಮೂಲವಾಗಿಸುವ ಚ್‌ರೂಟ್ ಕರೆ 1979ರ ಯುನಿಕ್ಸ್ 7ನೆಯ ಆವೃತ್ತಿಯಲ್ಲಿ ಬಂತು. ಸಂದೇಶಗಳನ್ನು ದಾಖಲಿಸುವ ಸಿಸ್‌ಲಾಗ್ ವ್ಯವಸ್ಥೆಯನ್ನು 1980ರ ದಶಕದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಯೋಜನೆಯ ಭಾಗವಾಗಿ ರೂಪಿಸಿದರು.

ತೊಡಕು: ಲಿನಕ್ಸ್‌ನಲ್ಲಿ ಸಂದೇಶಗಳು ಸಾಮಾನ್ಯವಾಗಿ /ಡೆವ್/ಲಾಗ್ ಎಂಬ ಸಾಕೆಟ್ ಮೂಲಕ ಸಾಗುತ್ತವೆ. ಆವರಣದೊಳಗಿನ ಪ್ರೋಗ್ರಾಂಗೆ ಆ ಹಾದಿ ಕಾಣದು. ಸಂದೇಶಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಚ್‌ರೂಟ್‌ಗೆ ಮೊದಲೇ ಸಾಕೆಟ್ ತೆರೆದಿಟ್ಟುಕೊಳ್ಳಬಹುದು. ಆದರೆ ಲಾಗ್ ಸೇವೆ ಮರುಚಾಲನೆಯಾದರೆ ಆ ಸಂಪರ್ಕ ಕಡಿದುಹೋಗುತ್ತದೆ, ಒಳಗಿನಿಂದ ಮತ್ತೆ ಜೋಡಿಸಲಾಗದು.

ಪರಿಹಾರ: ಆವರಣದೊಳಗೇ ಹೆಚ್ಚುವರಿ ಸಾಕೆಟ್ ತೆರೆಯುವಂತೆ ಆರ್‌ಸಿಸ್‌ಲಾಗ್‌ನಂಥ ಸೇವೆಗೆ ಸೂಚಿಸುವುದು ಹೆಚ್ಚು ಭರವಸೆಯ ದಾರಿ. ಓಪನ್‌ಬಿಎಸ್‌ಡಿ 5.6 (2014) ಸಾಕೆಟ್‌ನ ಅಗತ್ಯವೇ ಇಲ್ಲದ ‘ಸೆಂಡ್‌ಸಿಸ್‌ಲಾಗ್’ ಕರೆಯನ್ನು ತಂದಿತು.

ಸಮಯ: ಆವರಣದೊಳಗೆ ಕಾಲವಲಯದ ಕಡತ ಇಲ್ಲದಿದ್ದರೆ ದಾಖಲೆ ಯುಟಿಸಿಯಲ್ಲಿ ಬೀಳಬಹುದು, ಆಗ ಅದು ಭಾರತೀಯ ಸಮಯಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುತ್ತದೆ.

ಭಾರತದಲ್ಲಿ: ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನಗಳ ಲಾಗ್‌ಗಳನ್ನು ಸುರಕ್ಷಿತವಾಗಿ ಕಾಪಿಡಬೇಕೆಂದು ವಿಧಿಸಿದೆ. ಸರ್ಕಾರಿ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಆದ್ದರಿಂದ ಚ್‌ರೂಟ್ ಬಳಸುವ ಸರ್ವರ್ ನಡೆಸುವವರು ಆವರಣದೊಳಗಿನಿಂದ ಪರೀಕ್ಷಾ ಸಂದೇಶ ಕಳುಹಿಸಿ, ಅದು ಲಾಗ್ ಕಡತ ಸೇರಿತೇ ಎಂದು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.