ತನ್ನನ್ನು ತಾನೇ ನರಕವಾಸಿ ಎಂದುಕೊಂಡ ಸಹಾಬಿ

ಮದೀನಾದ ಅನ್ಸಾರ್‌ಗಳಲ್ಲಿ ಸಾಬಿತ್ ಬಿನ್ ಕೈಸ್(ರ) ಹೆಸರಾಂತ ವಾಗ್ಮಿ. ಅವರದು ಸಹಜವಾಗಿಯೇ ಎತ್ತರದ ಧ್ವನಿ. ಹಿಜರಿ 9ರಲ್ಲಿ ಬನೂ ತಮೀಮ್ ಗೋತ್ರದ ನಿಯೋಗವು ಬಂದು ತನ್ನ ಹಿರಿಮೆಯನ್ನು ಸಾರಿದಾಗ, ಮುಸ್ಲಿಮರ ಪರವಾಗಿ ಉತ್ತರಿಸಲು ಪ್ರವಾದಿವರ್ಯರು(ಸ) ಅವರನ್ನೇ ಎಬ್ಬಿಸಿದ್ದರು.

ಪ್ರವಾದಿಯ ಧ್ವನಿಗಿಂತ ನಿಮ್ಮ ಧ್ವನಿಯನ್ನು ಎತ್ತರಿಸಬೇಡಿ, ನಿಮಗರಿವಿಲ್ಲದೆಯೇ ನಿಮ್ಮ ಕರ್ಮಗಳು ನಿಷ್ಫಲವಾದೀತು ಎಂಬ ಎಚ್ಚರಿಕೆಯು ಅಲ್ ಹುಜುರಾತ್ ಅಧ್ಯಾಯದ 2ನೇ ಸೂಕ್ತದಲ್ಲಿದೆ. ಅದು ಅವತೀರ್ಣಗೊಂಡ ಬಳಿಕ ಸಾಬಿತ್(ರ) ಸಭೆಗೆ ಬರುವುದನ್ನೇ ನಿಲ್ಲಿಸಿದರು. ಪ್ರವಾದಿವರ್ಯರು(ಸ) ಅವರನ್ನು ವಿಚಾರಿಸಿದರು. ಒಬ್ಬ ಸಹಾಬಿ ಹೋಗಿ ನೋಡಿದಾಗ ಅವರು ಮನೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ತನ್ನ ಕರ್ಮಗಳೆಲ್ಲ ವ್ಯರ್ಥವಾದವು, ತಾನು ನರಕವಾಸಿ ಎಂದು ತಮ್ಮ ಬಗ್ಗೆ ತಾವೇ ತೀರ್ಪು ನೀಡಿಕೊಂಡಿದ್ದರು. ಅವರು ನರಕವಾಸಿಯಲ್ಲ, ಸ್ವರ್ಗವಾಸಿ ಎಂಬ ಶುಭವಾರ್ತೆಯನ್ನು ಪ್ರವಾದಿವರ್ಯರು(ಸ) ಕಳುಹಿಸಿಕೊಟ್ಟರು. ಸಹೀಹ್ ಬುಖಾರಿಯಲ್ಲಿ ಅನಸ್(ರ) ಇದನ್ನು ವರದಿ ಮಾಡಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಾಬಿತ್‌ರ(ರ) ಭಯವು ಈಮಾನಿನಿಂದ ಹುಟ್ಟಿದುದು. ಪ್ರವಾದಿವರ್ಯರು(ಸ) ಅದನ್ನು ಆಕ್ಷೇಪಿಸಲಿಲ್ಲ. ಆದರೆ ಆ ಭಯದಿಂದ ಅವರು ತಲುಪಿದ ತೀರ್ಮಾನವನ್ನು ಹಾಗೆಯೇ ಬಿಡಲೂ ಇಲ್ಲ. ತಪ್ಪಿನ ಬಗ್ಗೆ ಅಂಜುವುದು ದಾಸನ ಕರ್ತವ್ಯ. ಅಂತಿಮ ತೀರ್ಪು ನೀಡುವ ಅಧಿಕಾರ ಅಲ್ಲಾಹನದು.

ಅನಸ್‌ರೇ(ರ) ವರದಿ ಮಾಡಿದ ಇನ್ನೊಂದು ಘಟನೆ ಇಮಾಮ್ ತಿರ್ಮಿದಿಯವರ ಶಮಾಇಲ್‌ನಲ್ಲಿದೆ. ಝಾಹಿರ್(ರ) ಮರುಭೂಮಿಯ ಬದವಿ, ನೋಡಲು ಸುಂದರರಾಗಿರಲಿಲ್ಲ. ಅವರು ಸಂತೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅಪ್ಪಿಕೊಂಡು, ಈ ದಾಸನನ್ನು ಯಾರು ಕೊಳ್ಳುವಿರಿ ಎಂದು ತಮಾಷೆ ಮಾಡಿದರು. ತನಗೆ ಬೆಲೆಯೇ ಸಿಗದು ಎಂದರು ಝಾಹಿರ್(ರ). ತಮಾಷೆಯ ಮಧ್ಯೆಯೂ ಪ್ರವಾದಿವರ್ಯರು(ಸ) ಆ ಮಾತನ್ನು ತಿದ್ದಿದರು: ಅಲ್ಲಾಹನ ಬಳಿ ಅವರು ಬೆಲೆಬಾಳುವವರು.

ಮನಸ್ಸು ಕುಗ್ಗಿದಾಗಲೂ ತನ್ನ ಆತ್ಮವನ್ನು 'ಹೊಲಸು' ಎಂದು ಕರೆಯಬಾರದು, ಸೌಮ್ಯವಾದ ಪದವನ್ನು ಬಳಸಬೇಕೆಂದು ಆಯಿಶಾ(ರ) ವರದಿ ಮಾಡಿದ ಹದೀಸ್ ಕಲಿಸುತ್ತದೆ. ಅಝ್ಝುಮರ್ ಅಧ್ಯಾಯದ 53ನೇ ಸೂಕ್ತದಲ್ಲಿ ತಮ್ಮ ಮೇಲೆ ತಾವೇ ಅತಿರೇಕವೆಸಗಿಕೊಂಡವರನ್ನೂ ಅಲ್ಲಾಹನು 'ನನ್ನ ದಾಸರೇ' ಎಂದೇ ಸಂಬೋಧಿಸುತ್ತಾನೆ. ಪಾಪವು ಆ ಸಂಬಂಧವನ್ನು ಅಳಿಸಿಲ್ಲ. ತೌಬಾದ ಬಾಗಿಲು ತೆರೆದೇ ಇದೆ.

ನಮ್ಮ ಮನೆಗಳಲ್ಲಿ ಪರೀಕ್ಷೆಯಲ್ಲಿ ಸೋತ ಮಗು 'ನಾನು ಯಾವುದಕ್ಕೂ ಬಾರದವನು' ಎಂದಾಗ, ನಮಾಝ್ ತಪ್ಪಿಸಿದ ಯುವಕ 'ನಾನಿನ್ನು ಸರಿಹೋಗಲಾರೆ' ಎಂದಾಗ, ಅದನ್ನು ವಿನಯವೆಂದು ಭಾವಿಸಿ ಸುಮ್ಮನಿರಬಾರದು. ಆ ಮಾತನ್ನು ಪ್ರೀತಿಯಿಂದ ತಿದ್ದುವುದು ಪ್ರವಾದಿವರ್ಯರ(ಸ) ಚರ್ಯೆ.

ಸಾಬಿತ್(ರ) ಆ ಬಳಿಕ ಮನೆಯಲ್ಲೇ ಉಳಿಯಲಿಲ್ಲ. ಅಬೂಬಕರ್‌ರ(ರ) ಖಿಲಾಫತ್ ಕಾಲದಲ್ಲಿ ಯಮಾಮ ಯುದ್ಧ ನಡೆದಾಗ, ಮೃತದೇಹಕ್ಕೆ ಲೇಪಿಸುವ ಸುಗಂಧವನ್ನು ಮೊದಲೇ ಮೈಗೆ ಹಚ್ಚಿಕೊಂಡು ರಣರಂಗಕ್ಕಿಳಿದರು. ಹಿಮ್ಮೆಟ್ಟುತ್ತಿದ್ದವರನ್ನು ಗದರಿಸಿ, ಹೋರಾಡಿ ಹುತಾತ್ಮರಾದರು.